ದರ್ಜಿಯ ಮಗ ದರ್ಜಿಯಾಗುವುದಿಲ್ಲ ಏಕೆ?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹೊಲಿಗೆ ಕೆಲಸಗಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಹೊಲಿಗೆ ಕೆಲಸದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಪಾಳಿ ಮುಗಿಸಿ ಬಂದಿರುವ ಮಿಲ್ಲಿನ ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ವರ್ತಕ ಮಿತ್ರರೇ,

ಇಂದು ನಾವು ಒಂದೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇವೆ. ನಮ್ಮ ನಾಲ್ಕೂ ಊರುಗಳ ಪೇಟೆಬೀದಿಗಳಲ್ಲಿ ಹಳೆಯ ಹೊಲಿಗೆ ಅಂಗಡಿಗಳಿವೆ. ಬೋರ್ಡಿನ ಮೇಲೆ ತಂದೆಯ ಹೆಸರೋ ತಾತನ ಹೆಸರೋ ಇರುತ್ತದೆ. ಒಳಗೆ ಯಂತ್ರದ ಮುಂದೆ ಕುಳಿತವರಿಗೆ ಐವತ್ತೈದು, ಅರವತ್ತು ವಯಸ್ಸು. ನಿಮ್ಮ ನಂತರ ಈ ಅಂಗಡಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದರೆ, "ಯಾರೂ ಇಲ್ಲ ಸ್ವಾಮಿ, ಹುಡುಗ ಬೆಂಗಳೂರಿನಲ್ಲಿದ್ದಾನೆ" ಎನ್ನುತ್ತಾರೆ. ಮೂರು ತಲೆಮಾರು ಕೈಯಿಂದ ಕೈಗೆ ಬಂದ ಕತ್ತರಿ ನಾಲ್ಕನೆಯ ಕೈಗೆ ಹೋಗುತ್ತಿಲ್ಲ. ದರ್ಜಿಯ ಮಗ ದರ್ಜಿಯಾಗುವುದಿಲ್ಲ ಏಕೆ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಈಗಿನ ಹುಡುಗರಿಗೆ ಕೂತು ದುಡಿಯುವ ತಾಳ್ಮೆ ಇಲ್ಲ ಎಂಬುದು ಒಂದು. ರೆಡಿಮೇಡು ಬಂತು, ಕಾಲ ಕೆಟ್ಟಿತು ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು. ಅದೇ ಹುಡುಗ ಬೆಂಗಳೂರಿನಲ್ಲಿ ಹತ್ತು ಗಂಟೆ ನಿಂತು ದುಡಿಯುತ್ತಾನೆ, ರಾತ್ರಿ ಪಾಳಿಯನ್ನೂ ಮಾಡುತ್ತಾನೆ. ಎರಡನೆಯದು ಅರ್ಧ ನಿಜ. ಉಳಿದರ್ಧವನ್ನು ಹುಡುಕುವುದೇ ನಮ್ಮ ಈ ಹೊತ್ತಿನ ಕೆಲಸ.

ಮೊದಲು, ಈ ಕಸುಬಿನಲ್ಲಿ ತಂದೆ ಮಗನಿಗೆ ಕೊಡುವುದು ಏನನ್ನು ಎಂದು ನೋಡೋಣ. ಹುಡುಗನಿಗೆ ಎಂಟೋ ಹತ್ತೋ ವಯಸ್ಸಾದಾಗ ಶಾಲೆ ಬಿಟ್ಟೊಡನೆ ಅಂಗಡಿಗೆ ಬರಬೇಕು. ಮೊದಲು ನೆಲಕ್ಕೆ ಬಿದ್ದ ಚೂರು ಬಟ್ಟೆ, ಗುಂಡುಸೂಜಿ ಆರಿಸುವುದು. ಆಮೇಲೆ ಗುಂಡಿ ಹಚ್ಚುವುದು, ಕಾಜಾ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು. ಇದ್ದಿಲ ಇಸ್ತ್ರಿಪೆಟ್ಟಿಗೆಗೆ ಗಾಳಿ ಹಾಕಿ ಕೆಂಡ ಮಾಡುವುದು. ಬಾಬಿನ್ನಿಗೆ ನೂಲು ಸುತ್ತುವುದು, ಯಂತ್ರಕ್ಕೆ ಎಣ್ಣೆ ಬಿಡುವುದು. ವರ್ಷಗಳಾದ ಮೇಲೆ ಹಳೆಯ ಬಟ್ಟೆಯ ಮೇಲೆ ನೇರ ಹೊಲಿಗೆ, ನಂತರ ಚಡ್ಡಿ, ಲಂಗ. ಆಮೇಲೆ ಅಂಗಿಯ ತೋಳು, ಎಲ್ಲಕ್ಕಿಂತ ಕಡೆಯಲ್ಲಿ ಕಾಲರು. ಇಷ್ಟೆಲ್ಲ ಆದರೂ ಕತ್ತರಿ ಮಾತ್ರ ಅಪ್ಪನ ಕೈಯಲ್ಲೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿ ತಪ್ಪಿದರೆ ಗಿರಾಕಿಯ ಬಟ್ಟೆಯೇ ಹೋಯಿತು. ಅಪ್ಪ ಕತ್ತರಿಯನ್ನು ಮಗನ ಕೈಗೆ ಕೊಟ್ಟ ದಿನವೇ ಮಗ ಕಸುಬುದಾರನಾದ ದಿನ.

ಕತ್ತರಿಯ ಜೊತೆಗೆ ಇನ್ನೊಂದು ಆಸ್ತಿ ಬರುತ್ತದೆ. ಅದು ಅಳತೆಯ ಪುಸ್ತಕ. ಉದ್ದ, ಹೆಗಲು, ಎದೆ, ತೋಳು, ಕೊರಳು ಎಂದು ಸಾಲಾಗಿ ಬರೆದ ಅಂಕಿಗಳು. ನೋಡಿದವರಿಗೆ ಅದು ಬರಿಯ ಲೆಕ್ಕ. ಓದಬಲ್ಲವನಿಗೆ ಅದರಲ್ಲಿ ಊರಿನ ಜನರ ದುಡಿಮೆಯೇ ಕಾಣುತ್ತದೆ. ಮಂಡಿಯಲ್ಲಿ ವರ್ಷಗಟ್ಟಲೆ ಒಂದೇ ಹೆಗಲ ಮೇಲೆ ಮೂಟೆ ಹೊತ್ತ ಹಮಾಲಿಯ ಆ ಹೆಗಲು ತಗ್ಗಿರುತ್ತದೆ. ಎರಡೂ ಕಡೆ ಸಮನಾಗಿ ಕತ್ತರಿಸಿದರೆ ಅವನ ಅಂಗಿ ಒಂದು ಪಕ್ಕಕ್ಕೆ ಜಾರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುವ ವರ್ತಕನಿಗೆ ನಡುವಿನ ಬಳಿ ಸಡಿಲ ಬೇಕು. ಜೂನ್ ತಿಂಗಳಲ್ಲಿ ಹೊಲಿಸುವ ಶಾಲೆಯ ಚಡ್ಡಿಗೆ, ಲಂಗಕ್ಕೆ ಒಳಮಡಿಕೆಯಲ್ಲಿ ಬಟ್ಟೆ ಉಳಿಸಬೇಕು. ಮಗು ಬೆಳೆದಂತೆ ತಾಯಿ ಅದನ್ನು ಬಿಚ್ಚಿ ಇಳಿಸಿ ಇನ್ನೊಂದು ವರ್ಷ ನೂಕುತ್ತಾಳೆ. ರೆಡಿಮೇಡಿನಲ್ಲಿ 38, 40, 42 ಎಂಬ ಅಂಕಿಗಳಿವೆ. ಹಮಾಲಿಯ ಹೆಗಲಿಗೆ ಅಲ್ಲಿ ಅಂಕಿಯಿಲ್ಲ. ಮನುಷ್ಯನ ಮೈಗೆ ಬಟ್ಟೆ ಒಗ್ಗಬೇಕು ಎಂಬುದು ದರ್ಜಿಯ ಧರ್ಮ. ಬಟ್ಟೆಗೆ ಮನುಷ್ಯ ಒಗ್ಗಿಕೊಳ್ಳಲಿ ಎಂಬುದು ಸಗಟು ಕಾರ್ಖಾನೆಯ ಧರ್ಮ.

ಇಷ್ಟು ದೊಡ್ಡ ವಿದ್ಯೆಯನ್ನು ತಂದೆ ಮಗನಿಗೆ ಕೊಟ್ಟ, ನಿಜ. ಆದರೆ ಅದರ ಜೊತೆಗೆ ಬಂದ ಇನ್ನೊಂದನ್ನೂ ನಾವು ಮರೆಮಾಚಬಾರದು. ನಮ್ಮ ಸೀಮೆಯ ಅನೇಕ ದರ್ಜಿ ಮನೆತನಗಳು ನಾಮದೇವ ಸಿಂಪಿ, ಭಾವಸಾರ ಕ್ಷತ್ರಿಯ ಸಮುದಾಯಗಳಿಗೆ ಸೇರಿದವು. ಮುಸಲ್ಮಾನ ದರ್ಜಿಗಳ ಮನೆತನಗಳೂ ಬೇಕಾದಷ್ಟಿವೆ. ಪಂಢರಪುರದ ವಿಠಲನ ಭಕ್ತ ಸಂತ ನಾಮದೇವ ದರ್ಜಿಯ ಮನೆಯಲ್ಲಿ ಹುಟ್ಟಿದವನು. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ. ಆತ ಸೂಜಿಯ ಕಾಯಕವನ್ನೇ ಹೆಸರಿನ ಮುಂದೆ ಹೆಮ್ಮೆಯಿಂದ ಇಟ್ಟುಕೊಂಡ. ದರ್ಜಿ ಎಂಬ ಮಾತು ಪಾರಸಿಯಿಂದ ಬಂದದ್ದು, ಸಿಂಪಿಗ ಎಂಬುದು ಈ ಕಡೆಯ ಹಳೆಯ ಮಾತು. ಎರಡೂ ಮಾತುಗಳು ಒಂದೇ ಬೀದಿಯಲ್ಲಿ ಬಾಳಿವೆ. ಇದು ನಮ್ಮ ಹೆಮ್ಮೆ.

ಆದರೆ ಕಸುಬು ಮನೆತನದೊಳಗೆ ಉಳಿದಾಗ ಬಾಗಿಲು ಹೊರಗಿನವರಿಗೆ ಮುಚ್ಚಿರುತ್ತದೆ. ಕತ್ತರಿಯ ಗುಟ್ಟು ಜಾತಿಯ ಹೊರಗೆ ಹೋಗಬಾರದೆಂದು ಕಾಯ್ದ ಕಾಲವೂ ಇತ್ತು. ಕಾಯಕಕ್ಕೆ ಗೌರವ ಇರಬೇಕು, ಕಾಯಕಕ್ಕೆ ಜಾತಿ ಇರಬಾರದು. ಹುಟ್ಟಿನಿಂದ ಕಸುಬನ್ನು ಗೊತ್ತುಮಾಡುವ ಪದ್ಧತಿಯನ್ನು ಸಮಾಜವಾದಿಗಳಾದ ನಾವು ಎಂದೂ ಹೊಗಳಲಾರೆವು. ದರ್ಜಿಯ ಮಗ ಮೇಷ್ಟ್ರಾದರೆ, ಇಂಜಿನಿಯರಾದರೆ ನಮಗೆ ಸಂತೋಷವೇ. ನಮ್ಮ ದುಃಖವೆಲ್ಲ ಅಪ್ಪನ ಕಸುಬನ್ನು ಇಷ್ಟಪಟ್ಟೂ ಹೊಟ್ಟೆಯ ಲೆಕ್ಕಕ್ಕೆ ಹೆದರಿ ಬಿಟ್ಟುಹೋಗುವ ಹುಡುಗನಿಗಾಗಿ.

ಆ ಹೊಟ್ಟೆಯ ಲೆಕ್ಕವನ್ನೇ ಒಮ್ಮೆ ಹಾಕಿ ನೋಡೋಣ. ಊರಿಂದ ಊರಿಗೆ ದರ ಬೇರೆ; ಲೆಕ್ಕದ ದಾರಿ ತಿಳಿಯಲೆಂದು ಒಂದು ಅಂಗಿಯ ಹೊಲಿಗೆಗೆ 300 ರೂಪಾಯಿ ಎಂದು ಇಟ್ಟುಕೊಳ್ಳಿ. ನೂಲು, ಗುಂಡಿ, ಬಕ್ರಂ, ಕಾಜಾ, ಇಸ್ತ್ರಿ ಎಂದು 50 ರೂಪಾಯಿ ತೆಗೆಯಿರಿ. ಅಂಗಡಿ ಬಾಡಿಗೆ, ಕರೆಂಟು ಬಿಲ್ಲಿನ ಪಾಲು 40 ರೂಪಾಯಿ. ಉಳಿದದ್ದು 210. ಅಳತೆ ಹಿಡಿದು ಕತ್ತರಿಸಿ ಹೊಲಿದು ಮುಗಿಸಲು ಮೂರೂವರೆ ಗಂಟೆ ಎಂದರೆ ಗಂಟೆಗೆ 60 ರೂಪಾಯಿ ಬಿತ್ತು. ಇಲ್ಲಿಗೆ ಲೆಕ್ಕ ಮುಗಿಯಿತೆಂದು ನಾವು ತಿಳಿಯುತ್ತೇವೆ. ಮುಗಿದಿಲ್ಲ. ರಾತ್ರಿ ಅಡುಗೆ ಮುಗಿಸಿ ಮನೆಯಾಕೆ ಕುಳಿತು ಗುಂಡಿ ಹಚ್ಚಿದಳು, ಕೆಳಗಿನ ಅಂಚು ಹೊಲಿದಳು. ಅದು ಒಂದು ಗಂಟೆ. ಅದನ್ನೂ ಸೇರಿಸಿದರೆ ನಾಲ್ಕೂವರೆ ಗಂಟೆಗೆ 210 ರೂಪಾಯಿ, ಅಂದರೆ ಗಂಟೆಗೆ 47 ರೂಪಾಯಿಯೂ ಇಲ್ಲ. ಆಷಾಢದಲ್ಲಿ ಯಂತ್ರ ಸುಮ್ಮನೆ ನಿಂತಿರುತ್ತದೆ. ಆಗಲೂ ಬಾಡಿಗೆ ನಿಲ್ಲುವುದಿಲ್ಲ. ಯುಗಾದಿ, ಗೌರಿ ಗಣೇಶ, ರಂಜಾನ್, ದೀಪಾವಳಿ, ಹಿರಿಯೂರಿನ ತೇರುಮಲ್ಲೇಶ್ವರನ ತೇರು, ಮದುವೆಯ ದಿನಗಳು ಬಂದಾಗ ಅದೇ ಮನೆ ರಾತ್ರಿಯೆಲ್ಲ ಎಚ್ಚರವಿರುತ್ತದೆ. ಆ ನಿದ್ದೆಗೆ ಬೆಲೆ ಕಟ್ಟಿದವರಿಲ್ಲ.

ಸಂಗಾತಿಗಳೇ, ನಮ್ಮ ಪ್ರಶ್ನೆಯ ಉತ್ತರ ಈ ಲೆಕ್ಕದಲ್ಲಿದೆ. ಮನೆತನದ ಕಸುಬು ಎಂದು ನಾವು ಹೊಗಳುವ ಈ ವ್ಯವಸ್ಥೆ ನಡೆದದ್ದು ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ. ಮಗ ಹತ್ತು ವರ್ಷ ಕಾಜಾ ಹಾಕಿದ. ಅದಕ್ಕೆ ಕಲಿಕೆ ಎಂದು ಹೆಸರಿಟ್ಟೆವು. ಹೆಂಡತಿ ಗುಂಡಿ ಹಚ್ಚಿದಳು, ಮನೆಗೆಲಸ ಎಂದೆವು. ಸೊಸೆ ರವಿಕೆಗೆ ಕೊಕ್ಕೆ ಹಾಕಿದಳು. ಬಿಡುವಿನ ವೇಳೆಯ ಕೆಲಸ ಎಂದೆವು. ಮೂವರ ದುಡಿಮೆ ಸೇರಿ ಒಬ್ಬನ ಕೂಲಿ ಹುಟ್ಟಿತು. ಆ ಕೂಲಿಯನ್ನು ನೋಡಿಯೇ ಗಿರಾಕಿ ಹೊಲಿಗೆ ಅಗ್ಗವೆಂದು ತಿಳಿದ. ಹುಡುಗ ಬೆಳೆದು ಲೆಕ್ಕ ಕಲಿತ ದಿನ ಎದ್ದು ಹೋದ. ತಂದೆ ಅವನಿಗೆ ಕೈಚಳಕ ಕೊಟ್ಟಿದ್ದ. ಕೂಲಿಯ ದರವನ್ನಾಗಲಿ, ಮುಪ್ಪಿನ ಆಸರೆಯನ್ನಾಗಲಿ ಕೊಡಲು ಅವನ ಬಳಿ ಇರಲಿಲ್ಲ.

ಹಾಗಾದರೆ ಯಂತ್ರದ ತಪ್ಪೇನೂ ಇಲ್ಲವೆ ಎಂದು ನೀವು ಕೇಳಬಹುದು. ಯಂತ್ರದ ಕಥೆಯನ್ನೂ ಸ್ವಲ್ಪ ನೋಡೋಣ. ಫ್ರಾನ್ಸಿನಲ್ಲಿ ಬಾರ್ತೆಲೆಮಿ ತಿಮೋನಿಯೆ ಎಂಬವನು ಸ್ವತಃ ದರ್ಜಿ. 1830ರಲ್ಲಿ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದು, ಸುಮಾರು 80 ಯಂತ್ರಗಳನ್ನಿಟ್ಟು ಪ್ಯಾರಿಸಿನಲ್ಲಿ ಸೈನಿಕರ ಉಡುಪು ಹೊಲಿಯುವ ಕಾರ್ಖಾನೆ ನಡೆಸಿದ. 1831ರಲ್ಲಿ ಅಲ್ಲಿಯ ದರ್ಜಿಗಳು ಗುಂಪುಗೂಡಿ ನುಗ್ಗಿ ಆ ಯಂತ್ರಗಳನ್ನು ಪುಡಿಮಾಡಿದರು. ನಮ್ಮ ಅನ್ನ ಹೋಯಿತು ಎಂಬ ಹೆದರಿಕೆ ಅವರದು. ಆಮೇಲೆ ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಸಿಂಗರ್ ಕಂಪೆನಿ 1856ರಿಂದ ಕಂತಿನ ಮೇಲೆ ಯಂತ್ರ ಮಾರತೊಡಗಿತು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರವನ್ನು ತಯಾರಿಸತೊಡಗಿದ ಮೇಲೆ ಸ್ವದೇಶಿ ಯಂತ್ರ ನಮ್ಮ ದರ್ಜಿಗೂ ಸಿಕ್ಕಿತು.

ಇಲ್ಲಿ ಪ್ಯಾರಿಸಿಗೂ ನಮ್ಮ ಊರುಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ 80 ಯಂತ್ರಗಳು ಒಬ್ಬನ ಸೂರಿನ ಕೆಳಗಿದ್ದವು. ಇಲ್ಲಿ ಒಂದೊಂದು ಯಂತ್ರ ಒಂದೊಂದು ಮನೆಗೆ ಬಂತು. ಕಾಲಿನಿಂದ ತುಳಿಯುವ ಯಂತ್ರ ದರ್ಜಿಯ ಶತ್ರುವಾಗಲಿಲ್ಲ, ಮನೆಯ ಮಗನಂತೆ ದುಡಿಯಿತು. ಗಾಂಧೀಜಿ ಯಂತ್ರಗಳ ವಿಷಯದಲ್ಲಿ ಎಷ್ಟು ಕಟುವಾಗಿದ್ದರೆಂದು ನಮಗೆಲ್ಲ ಗೊತ್ತು. ಅವರೂ 1924ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಅದನ್ನು ತಯಾರಿಸುವ ಕಾರ್ಖಾನೆ ರಾಷ್ಟ್ರದ ಸ್ವತ್ತಾಗಿರಬೇಕು, ಇಲ್ಲವೆ ಸರ್ಕಾರದ ಹತೋಟಿಯಲ್ಲಿರಬೇಕು ಎಂದೂ ಹೇಳಿದರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು 1952ರ ಪಚ್‌ಮಡಿ ಸಮ್ಮೇಳನದಲ್ಲಿ ಸಮಾಜವಾದಿಗಳ ಮುಂದೆ ಇಟ್ಟ ವಿಚಾರಗಳಲ್ಲಿ ಚಿಕ್ಕ ಯಂತ್ರದ ವಿಚಾರವೂ ಒಂದು. ದುಡಿಯುವವನೇ ಒಡೆಯನಾಗಬಲ್ಲ, ಹಳ್ಳಿಗೂ ಪೇಟೆಗೂ ಹೊಂದುವ ಯಂತ್ರ ನಮ್ಮ ದೇಶಕ್ಕೆ ಬೇಕು ಎಂಬುದು ಅದರ ತಿರುಳು. ಅಂಥ ಯಂತ್ರ ಯಾವುದೆಂದು ನಮ್ಮನ್ನು ಕೇಳಿದರೆ ಹೊಲಿಗೆಯಂತ್ರವನ್ನೇ ತೋರಿಸುತ್ತೇವೆ.

ಕೆಟ್ಟದ್ದು ಯಾವಾಗ ಎಂದರೆ, ಯಂತ್ರ ಮತ್ತೆ ಸಾಲುಸಾಲಾಗಿ ಒಬ್ಬನ ಸೂರಿನ ಕೆಳಗೆ ಸೇರಿದಾಗ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು; ನಮ್ಮ ಜಿಲ್ಲೆಯಿಂದ ಹೋದವರೂ ಇದ್ದಾರೆ. ಅಲ್ಲಿ ಒಬ್ಬಳು ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಇನ್ನೊಬ್ಬಳು ಜೇಬನ್ನೇ. ಗಂಟೆಗೆ ಇಷ್ಟು ಎಂಬ ಗುರಿ ತಲೆಯ ಮೇಲೆ ತೂಗುತ್ತಿರುತ್ತದೆ. ಹತ್ತು ವರ್ಷ ದುಡಿದರೂ ಅವಳಿಗೆ ಒಂದು ಇಡೀ ಅಂಗಿ ಕತ್ತರಿಸಲು ಬರುವುದಿಲ್ಲ, ಏಕೆಂದರೆ ಯಾರೂ ಅವಳ ಕೈಗೆ ಕತ್ತರಿ ಕೊಟ್ಟಿಲ್ಲ. ಊರಿನ ದರ್ಜಿಗೆ ವಿದ್ಯೆ ಇದೆ, ಕೂಲಿಯ ಭದ್ರತೆ ಇಲ್ಲ. ಕಾರ್ಖಾನೆಯ ಹೆಣ್ಣುಮಗಳಿಗೆ ಭವಿಷ್ಯನಿಧಿ ಇದೆ, ವಿದ್ಯೆ ಇಲ್ಲ.

ಆದರೂ ಆ ಹೆಣ್ಣುಮಕ್ಕಳಿಂದ ನಾವು ಕಲಿಯಬೇಕಾದದ್ದಿದೆ. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಾಯಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಂದೇ ಸೂರಿನ ಕೆಳಗೆ ಕುಳಿತವರಿಗೆ ಒಟ್ಟಿಗೆ ಏಳಲು ಬರುತ್ತದೆ. ನಮ್ಮ ದರ್ಜಿ ಒಂಟಿ. ಅವನ ಅಂಗಡಿ ಬೇರೆ, ಎದುರಿನವನ ಅಂಗಡಿ ಬೇರೆ. ಗಿರಾಕಿ ಇಲ್ಲಿಂದ ಎದ್ದು ಅಲ್ಲಿಗೆ ಹೋದಾನೆಂಬ ಹೆದರಿಕೆಯಿಂದ ಇಬ್ಬರೂ ದರ ಇಳಿಸುತ್ತಾರೆ. ಮಿಲ್ಲಿನ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1997ರವರೆಗೆ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಆಗಿತ್ತು. ಅಲ್ಲಿಯ ಹತ್ತಿಗಿರಣಿಗಳ ಕಾರ್ಮಿಕರು ಸಂಘ ಕಟ್ಟಿದ್ದನ್ನೂ, ಗಿರಣಿಗಳು ಬಾಗಿಲು ಮುಚ್ಚಿದ್ದನ್ನೂ ನೀವು ಕಂಡವರು. ಸಂಘವಿದ್ದಷ್ಟು ದಿನ ಕೂಲಿಯನ್ನು ಕೇಳುವ ಬಾಯಿ ಇತ್ತು.

ಇನ್ನು ನಮ್ಮ ವರ್ತಕ ಮಿತ್ರರಿಗೆ ಒಂದು ಮಾತು. ಜವಳಿ ಅಂಗಡಿಯ ಜಗುಲಿಯ ಮೇಲೆ ಯಂತ್ರ ಹಾಕಿಕೊಂಡು ಕೂತ ದರ್ಜಿ ನಮ್ಮ ಪೇಟೆಗಳ ಹಳೆಯ ನೋಟ. ಗಿರಾಕಿ ಒಳಗೆ ಬಟ್ಟೆ ಕೊಳ್ಳುತ್ತಾನೆ, ಹೊರಗೆ ಅಳತೆ ಕೊಡುತ್ತಾನೆ. ಹೊಳಲ್ಕೆರೆಯಲ್ಲಿ ಅಡಿಕೆ ಮಾರಿದ ದುಡ್ಡು, ಹೊಸದುರ್ಗದಲ್ಲಿ ತೆಂಗು ಮಾರಿದ ದುಡ್ಡು ಹೀಗೆ ಪೇಟೆಯೊಳಗೇ ಎರಡು ಕೈ ದಾಟುತ್ತಿತ್ತು. ಮೀಟರು ಲೆಕ್ಕದಲ್ಲಿ ಬಟ್ಟೆ ಮಾರುವ ವರ್ತಕ ಬದುಕಿರುವುದೇ ದರ್ಜಿಯಿಂದ. ಹೊಲಿಯುವವನು ಇಲ್ಲದ ಊರಿನಲ್ಲಿ ಬಟ್ಟೆಯ ತಾನನ್ನು ಕೊಳ್ಳುವವರು ಯಾರು? ದರ್ಜಿಯ ಯಂತ್ರ ನಿಂತ ವರ್ಷವೇ ಚಿಕ್ಕ ಜವಳಿ ಅಂಗಡಿಯ ಗಜಕಡ್ಡಿಯೂ ನಿಲ್ಲುತ್ತದೆ. ಗುಂಡಿ, ನೂಲು, ಲೈನಿಂಗು ಮಾರುವವನ ಕಥೆಯೂ ಅದೇ. ಆಗ ದುಡ್ಡೆಲ್ಲ ದೊಡ್ಡ ಮಳಿಗೆಗೂ ಮೊಬೈಲಿನ ಮೂಲಕ ಮಾರುವ ಕಂಪೆನಿಗೂ ಹೋಗುತ್ತದೆ, ಊರಿನೊಳಗೆ ಸುತ್ತುವುದಿಲ್ಲ. ಆದ್ದರಿಂದ ದರ್ಜಿಯ ಕೂಲಿಯ ಮಾತು ಬಂದಾಗ ವರ್ತಕರು ದೂರ ನಿಲ್ಲಬಾರದು.

ದೂರ ನಿಲ್ಲಲು ಕಾನೂನೂ ಬಿಡುವುದಿಲ್ಲ. ದೊಡ್ಡ ಹೊಲಿಗೆ ಅಂಗಡಿಗಳಲ್ಲಿ ಕತ್ತರಿಸುವ ಮಾಸ್ಟರು ಒಬ್ಬ, ಪೀಸಿಗೆ ಇಷ್ಟೆಂದು ಹೊಲಿಯುವ ಕಾರಿಗರರು ಹಲವರು. ಅವರು ನಮ್ಮ ನೌಕರರಲ್ಲ, ಬಂದರೆ ಬಂದರು, ಹೋದರೆ ಹೋದರು ಎನ್ನುವ ವಾದ ಹಳೆಯದು. ಅಂದಿನ ಆಂಧ್ರಪ್ರದೇಶದ ಸಿಲ್ವರ್ ಜೂಬಿಲಿ ಟೈಲರಿಂಗ್ ಹೌಸ್ ಎಂಬ ಅಂಗಡಿಯ ಪ್ರಕರಣದಲ್ಲಿ ಇದೇ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರ ಸೆಪ್ಟೆಂಬರ್ 25ರಂದು ತೀರ್ಪು ಬಂತು. ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುವವನು, ಕೆಲಸವಿಲ್ಲದ ದಿನ ಎದ್ದುಹೋಗಲು ಸ್ವತಂತ್ರನಾದವನು, ಕೆಲವೊಮ್ಮೆ ಬಟ್ಟೆಯನ್ನು ಮನೆಗೊಯ್ದು ಹೊಲಿಯುವವನು ಕೂಡ ಆ ಅಂಗಡಿಯ ನೌಕರನೇ ಎಂದು ನ್ಯಾಯಾಲಯ ಹೇಳಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ದರ್ಜಿಗಳೆಲ್ಲ ನೆನಪಿನಲ್ಲಿಡಬೇಕು: ಹೊಲಿದದ್ದು ಸರಿಯಿಲ್ಲವೆಂದು ತಿರಸ್ಕರಿಸಿ ಬಿಚ್ಚಿ ಮತ್ತೆ ಹೊಲಿಸುವ ಅಧಿಕಾರ ಯಾರಿಗಿದೆಯೋ ಅವನ ಹತೋಟಿಯಲ್ಲಿ ಕೆಲಸಗಾರ ಇದ್ದಾನೆ. ಬಿಚ್ಚು ಎನ್ನುವ ಬಾಯಿ ಇದ್ದ ಮೇಲೆ ಹಕ್ಕು ಕೊಡುವ ಹೊಣೆಯೂ ಇರಬೇಕು. ಹೊಲಿಗೆ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ದಾಖಲೆ ಇಲ್ಲ. ಅಂಥ ತೀರ್ಪು ಬಂದು ಅರ್ಧ ಶತಮಾನ ಕಳೆದರೂ ನಮ್ಮ ಪೇಟೆಗಳ ಕಾರಿಗರರಲ್ಲಿ ಎಷ್ಟು ಜನಕ್ಕೆ ಅದು ತಿಳಿದಿದೆ?

ಕರ್ನಾಟಕದಲ್ಲೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇದೆ. 1948ರ ಕನಿಷ್ಠ ವೇತನ ಕಾಯಿದೆಯ ಕೆಳಗೆ ಟೈಲರಿಂಗ್ ಉದ್ಯಮಕ್ಕೆ ನಮ್ಮ ರಾಜ್ಯದಲ್ಲಿ ಕನಿಷ್ಠ ಕೂಲಿ ಗೊತ್ತುಮಾಡಲಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಹೊಸ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಬಲವಾದ ಆಕ್ಷೇಪಗಳಿವೆ. ಅದು ಬೇರೆ ಸಭೆಯ ವಿಷಯ. ಪೀಸಿನ ಲೆಕ್ಕದಲ್ಲಿ ದುಡಿಯುವವನಿಗೂ ಕನಿಷ್ಠ ಕೂಲಿ ಸಲ್ಲಬೇಕೆಂಬ ತತ್ತ್ವ ಮಾತ್ರ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಅದನ್ನು ಕೇಳಿ ಪಡೆಯುವುದು ನಮ್ಮ ಕೆಲಸ.

ಈಗ ಸರ್ಕಾರದ ಯೋಜನೆಗಳ ಮಾತು. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಅದರ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಎಂದು ಗೊತ್ತುಮಾಡಿದರು. ಪಡೆಯುವವರು ಪಡೆಯಲಿ, ನಮ್ಮದೇನೂ ಅಡ್ಡಿಯಿಲ್ಲ. ಆದರೆ ಅದರ ಒಂದು ಷರತ್ತನ್ನು ಗಮನಿಸಿ. ಯೋಜನೆ ಇರುವುದು ಕುಟುಂಬದ ಪರಂಪರೆಯಿಂದ ಬಂದ ಕಸುಬುಗಳಿಗೆ. ಅನುಕೂಲ ಸಿಗುವುದು ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಗಂಡ ಹೆಸರು ಬರೆಸಿದರೆ ಹೆಂಡತಿಗಿಲ್ಲ. ಕಸುಬು ಇಡೀ ಕುಟುಂಬದ್ದು, ಲೆಕ್ಕಕ್ಕೆ ಬಂದವನು ಒಬ್ಬ! ನಾವು ಮೊದಲು ಹಾಕಿದ ಅಂಗಿಯ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಆ ಒಂದು ಗಂಟೆ ಇಲ್ಲಿಯೂ ಬಿಟ್ಟುಹೋಯಿತು.

ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಅಗಸರು, ಕ್ಷೌರಿಕರು, ಕುಂಬಾರರು ಮುಂತಾದವರ ಜೊತೆ ಟೈಲರುಗಳನ್ನೂ ಸೇರಿಸಲಾಯಿತು. ಅದು ಒಂದು ಮೆಟ್ಟಿಲು, ಅಷ್ಟೇ. ಪಕ್ಕದ ಕೇರಳದಲ್ಲಿ 1994ರಲ್ಲೇ ಹೊಲಿಗೆ ಕೆಲಸಗಾರರಿಗೆಂದೇ ಕ್ಷೇಮನಿಧಿಯ ಕಾಯಿದೆ ಆಯಿತು. ಕೆಲಸಗಾರರು ವಂತಿಗೆ ಕಟ್ಟುತ್ತಾರೆ, ಮುಪ್ಪಿಗೆ ಪಿಂಚಣಿ ಪಡೆಯುತ್ತಾರೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ? ಅರವತ್ತು ದಾಟಿದ ಮೇಲೆ ಸೂಜಿಯ ಕಣ್ಣಿಗೆ ದಾರ ಪೋಣಿಸಲು ಮೊಮ್ಮಗನನ್ನು ಕರೆಯುವ ದರ್ಜಿಗೆ ಬರಿಯ ಅನುಕಂಪ ಸಾಲದು, ತಿಂಗಳಿಗೊಂದು ನಿಶ್ಚಿತ ಮೊತ್ತ ಬೇಕು.

ಹೊಲಿಗೆಯಂತ್ರ ಹಂಚುವ ಸಮಾರಂಭಗಳು ನಮ್ಮ ತಾಲ್ಲೂಕುಗಳಲ್ಲಿ ಆಗಾಗ ನಡೆಯುತ್ತವೆ. ಹಾರ, ಭಾಷಣ, ಫೋಟೋ. ಆರು ತಿಂಗಳು ಬಿಟ್ಟು ಆ ಮನೆಗೆ ಹೋಗಿ ನೋಡಿ. ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿರುತ್ತದೆ. ಯಂತ್ರ ಕೊಟ್ಟರು, ಕೆಲಸ ಕೊಡಲಿಲ್ಲ. ಕೆಲಸ ಇಲ್ಲವೆಂದೇ? ಸರ್ಕಾರದ ಕೈಯಲ್ಲಿಯೇ ರಾಶಿ ಕೆಲಸವಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಇದೆ. ಹಾಸ್ಟೆಲುಗಳಿವೆ, ಆಸ್ಪತ್ರೆಗಳಿವೆ, ಪುರಸಭೆಯ ಪೌರಕಾರ್ಮಿಕರಿದ್ದಾರೆ. ಈ ಉಡುಪುಗಳನ್ನೆಲ್ಲ ಆಯಾ ತಾಲ್ಲೂಕಿನ ಹೊಲಿಗೆಯವರ ಸಹಕಾರ ಸಂಘಕ್ಕೆ, ನ್ಯಾಯವಾದ ದರಕ್ಕೆ ಕೊಟ್ಟರೆ ಆಷಾಢದಲ್ಲೂ ಯಂತ್ರ ತಿರುಗುತ್ತದೆ. ಮಗುವಿನ ಅಳತೆಯನ್ನು ಅದರ ಊರಿನಲ್ಲೇ ಹಿಡಿಯಬಹುದು, ಒಳಮಡಿಕೆಯನ್ನೂ ಬಿಡಬಹುದು.

ಸಹಕಾರ ಎಂಬುದು ನಮ್ಮ ನಾಡಿಗೆ ಪರದೇಶದ ಮಾತಲ್ಲ. 1905ರಲ್ಲಿಯೇ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ನಮ್ಮದೇ ಜಿಲ್ಲೆಯಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಹೆಸರಿದೆ, ಭೌಗೋಳಿಕ ಸೂಚಿಯ ಮನ್ನಣೆ ಇದೆ. ನೇಕಾರರಿಗೆ ಸಹಕಾರ ಸಂಘಗಳ ಪರಿಚಯವಿದೆ. ನೆಯ್ದವನು ಸಂಘ ಕಟ್ಟಬಹುದಾದರೆ ಹೊಲಿದವನು ಏಕೆ ಕಟ್ಟಬಾರದು? ನೂಲು, ಬಕ್ರಂ, ಗುಂಡಿಗಳನ್ನು ಒಟ್ಟಿಗೆ ಸಗಟು ದರದಲ್ಲಿ ತಂದರೂ ಅಂಗಿಯೊಂದರಲ್ಲಿ ಕೆಲವು ರೂಪಾಯಿ ಉಳಿದೀತು. ಕಾಜಾ ಯಂತ್ರವೊಂದನ್ನು ಸಂಘದ ಹೆಸರಿನಲ್ಲಿ ಕೊಂಡರೆ ಹತ್ತು ಅಂಗಡಿಗಳಿಗೆ ಸಾಕು. ದರಪಟ್ಟಿಯೊಂದನ್ನು ಒಪ್ಪಿ ಎಲ್ಲರೂ ಗೋಡೆಗೆ ಅಂಟಿಸಿದರೆ, ಎದುರಿನ ಅಂಗಡಿಯವನು ಶತ್ರುವಾಗಿ ಉಳಿಯುವುದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ಐದು ಮಾತುಗಳನ್ನು ಇಡುತ್ತೇವೆ. ಮೊದಲನೆಯದಾಗಿ, ನಾಲ್ಕೂ ತಾಲ್ಲೂಕುಗಳಲ್ಲಿ ಹೊಲಿಯುವವರೆಲ್ಲರ ಪಟ್ಟಿಯಾಗಬೇಕು. ಅಂಗಡಿಯವರು, ಕಾರಿಗರರು, ಮನೆಯಲ್ಲಿ ಹೊಲಿಯುವ ಹೆಂಗಸರು, ಗುಂಡಿ ಹಚ್ಚುವ ಕೈಗಳು, ಎಲ್ಲ ಹೆಸರುಗಳೂ ಅದರಲ್ಲಿರಬೇಕು. ಎರಡನೆಯದಾಗಿ, ತಾಲ್ಲೂಕಿಗೊಂದು ಸಹಕಾರ ಸಂಘ. ಅದರಲ್ಲಿ ಗಂಡನೂ ಹೆಂಡತಿಯೂ ಬೇರೆ ಬೇರೆ ಸದಸ್ಯರು. ಮೂರನೆಯದಾಗಿ, ಸರ್ಕಾರಿ ಉಡುಪುಗಳ ಹೊಲಿಗೆ ಈ ಸಂಘಗಳಿಗೆ ಬರಬೇಕು. ನಾಲ್ಕನೆಯದಾಗಿ, ಹೊಲಿಗೆ ಕೆಲಸಗಾರರಿಗೆ ಪ್ರತ್ಯೇಕ ಕ್ಷೇಮನಿಧಿ ಮಂಡಳಿ ಮತ್ತು ಮುಪ್ಪಿನ ಪಿಂಚಣಿ. ಐದನೆಯದು, ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು: ಹಿರಿಯ ಮಾಸ್ಟರುಗಳು ಕತ್ತರಿಯ ವಿದ್ಯೆಯನ್ನು ಕೇಳಿ ಬಂದವರಿಗೆಲ್ಲ ಕಲಿಸಬೇಕು. ಯಾರ ಮಗ, ಯಾವ ಕೇರಿ ಎಂದು ಕೇಳಬಾರದು. ಕಲಿಸಿದ್ದಕ್ಕೆ ಸಂಘ ಅವರಿಗೆ ಗೌರವಧನ ಕೊಡಬೇಕು, ಕಲಿಯುವವರಿಗೂ ಕೈಖರ್ಚು ಕೊಡಬೇಕು. ರವಿಕೆ ಹೊಲಿದು ಬದುಕುತ್ತಿರುವ ಹೆಣ್ಣುಮಕ್ಕಳು ನಮ್ಮ ಓಣಿ ಓಣಿಯಲ್ಲಿದ್ದಾರೆ. ಮಗ ಬಾರದಿದ್ದರೆ ಅವರಿದ್ದಾರೆ. ಕತ್ತರಿಗೆ ವಾರಸುದಾರರಿಲ್ಲ ಎಂದು ಕೊರಗುವ ಅಂಗಡಿಯ ಹಿಂದಿನ ಬೀದಿಯಲ್ಲಿಯೇ ವಾರಸುದಾರಳು ಕುಳಿತಿದ್ದಾಳೆ. ನಾವು ಅವಳ ಕಡೆ ನೋಡಿಲ್ಲ.

ಇಷ್ಟೆಲ್ಲ ಕೇಳಲು ನಾವು ಎಷ್ಟರವರು ಎಂದು ಯಾರೂ ಅಂಜಬೇಕಾಗಿಲ್ಲ. 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ನಿಜಲಿಂಗಪ್ಪನವರಂಥ ಹಿರಿಯ ನಾಯಕರ ಎದುರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರನ್ನು ಗೆಲ್ಲಿಸಿದರು. ಚಿಕ್ಕವರೆನಿಸಿದವರು ಒಟ್ಟಾದರೆ ಏನಾಗುತ್ತದೆಂದು ನಮ್ಮ ಜಿಲ್ಲೆಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ.

ದರ್ಜಿಯ ಮಗ ದರ್ಜಿಯಾಗಲೇಬೇಕು ಎಂದು ನಾವು ಹೇಳುವುದಿಲ್ಲ. ಅವನು ಆಗಬೇಕೆಂದರೆ ಆಗುವಂತಿರಬೇಕು, ಬೇರೆಯವನ ಮಗಳು ಬಂದರೂ ಆಗುವಂತಿರಬೇಕು, ಆದವರಿಗೆ ಮಕ್ಕಳನ್ನು ಓದಿಸುವಷ್ಟು ಕೂಲಿ, ಕಣ್ಣು ಮಂಜಾದ ಮೇಲೆ ಕೂತು ಉಣ್ಣುವಷ್ಟು ಆಸರೆ ಇರಬೇಕು. ಮೊದಲ ಕೆಲಸ ಪಟ್ಟಿ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಪುಸ್ತಕ ಇಟ್ಟಿರುತ್ತದೆ. ನಿಮ್ಮ ಹೆಸರು ಬರೆಯಿಸಿ. ನಿಮ್ಮ ಮನೆಯಲ್ಲಿ ಗುಂಡಿ ಹಚ್ಚುವವರ ಹೆಸರನ್ನೂ ಅದರ ಕೆಳಗೆ ಬರೆಯಿಸಿ.